ಕೊಡೆ ಕೊಡಬಾರದಿತ್ತು

ಸಿಂಗಪುರದಲ್ಲಿ ನಾವಿದ್ದ ಫ್ಲ್ಯಾಟಿನ ಎದುರು ಬಾಗಿಲಲ್ಲಿ ಒಬ್ಬರು ಚೀನೀ ಅಜ್ಜಿ ಇದ್ದರು. ಇಡೀ ಬ್ಲಾಕು ಅವರನ್ನು ಆಂಟಿ ಅಂತಿತ್ತು, ನಾವೂ ಹಾಗೇ ಕರೆಯುತ್ತಿದ್ದೆವು. ಆರು ವರ್ಷ ಎದುರುಬದುರು ಇದ್ದೆವು. ನಮ್ಮ ಮಗಳಿಗೆ ಜ್ವರ ಬಂದರೆ ಅವರ ಮನೆಯಿಂದ ಗಂಜಿ ಬರುತ್ತಿತ್ತು, ನಮ್ಮಲ್ಲಿ ಹೋಳಿಗೆ ಮಾಡಿದರೆ ಎರಡು ಅವರಿಗೆ ಹೋಗುತ್ತಿತ್ತು. ಕೆಲಸ ಬಿಟ್ಟು ಮೈಸೂರಿಗೆ ವಾಪಸ್ ಬರುವುದು ಅಂತ ತೀರ್ಮಾನವಾದಾಗ ಅವರಿಗೆ ಏನಾದರೂ ಕೊಡಬೇಕು ಅನ್ನಿಸಿತು. ಅಲ್ಲಿನ ಮಳೆ ಹೇಗೆ ಅಂದರೆ, ಬೆಳಿಗ್ಗೆಯಿಂದ ಸುಡು ಬಿಸಿಲಿದ್ದು ಮಧ್ಯಾಹ್ನ ಮೂರಕ್ಕೆ ದಬದಬ ಸುರಿದುಬಿಡುತ್ತೆ. ಆಂಟಿಯ ಹಳೇ ಕೊಡೆಯ ಕಡ್ಡಿ ಮುರಿದಿತ್ತು, ದಾರ ಸುತ್ತಿ ಹಾಗೇ ಓಡಾಡುತ್ತಿದ್ದರು. ಅದಕ್ಕೇ ಒಂದು ಒಳ್ಳೇ ಕೊಡೆ ತಂದೆ. ಮರದ ಹಿಡಿ, ಕಡು ನೀಲಿ ಬಟ್ಟೆ. ಹೊರಡುವ ಹಿಂದಿನ ದಿನ ಅವರ ಮನೆಗೆ ಹೋಗಿ ಕೊಟ್ಟೆ.

ಆಂಟಿ ಚಾಚಿದ ಕೈ ಹಾಗೇ ನಿಂತಿತು. ಮುಖ ಸಪ್ಪಗಾಯಿತು. ಆಮೇಲೆ ಒಂದೂ ಮಾತಾಡದೆ ಒಳಗೆ ಹೋಗಿ, ಪರ್ಸು ತಡಕಾಡಿ, ಒಂದು ಡಾಲರ್ ನಾಣ್ಯ ತಂದು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಕೊಡೆಯನ್ನು ಕೈಗೆ ತೆಗೆದುಕೊಂಡದ್ದು ಅದಾದ ಮೇಲೇ.

ನನಗೆ ಅಳು ಬರುವ ಹಾಗಾಯಿತು. ಇಷ್ಟು ವರ್ಷದ ಒಡನಾಟಕ್ಕೆ ಒಂದು ಡಾಲರ್ ಲೆಕ್ಕವಾ ಅನ್ನಿಸಿತು. ಅವರ ಮಗಳು ಓಡಿ ಬಂದು ಬಿಡಿಸಿ ಹೇಳಿದಳು. ಚೀನೀ ಭಾಷೆಯಲ್ಲಿ ಕೊಡೆಗೆ ಸಾನ್ ಅಂತಾರೆ. ಚದುರಿಹೋಗುವುದಕ್ಕೆ, ಬೇರೆಯಾಗುವುದಕ್ಕೂ ಸಾನ್ ಅಂತಾರೆ, ಸ್ವರದ ಏರಿಳಿತ ಸ್ವಲ್ಪ ಬೇರೆ ಅಷ್ಟೇ. ಕೊಡೆ ಕೊಟ್ಟರೆ ಸಂಬಂಧ ಕಡಿದ ಹಾಗೆ. ಆದರೆ ದುಡ್ಡು ಕೊಟ್ಟು ತೆಗೆದುಕೊಂಡರೆ ಅದು ಉಡುಗೊರೆ ಅಲ್ಲ, ವ್ಯಾಪಾರ. ಆಗ ದೋಷ ಇಲ್ಲ. "ನಿನ್ನನ್ನು ಬಿಟ್ಟುಕೊಡೋಕೆ ಅಮ್ಮನಿಗೆ ಮನಸ್ಸಿಲ್ಲ, ಅದಕ್ಕೇ ಕೊಂಡುಕೊಂಡರು" ಅಂದಳು.

ನಾನು ಅವಳಿಗೆ ನಮ್ಮ ಮಾತು ಹೇಳಿದೆ. ಕನ್ನಡದಲ್ಲಿ ಇದಕ್ಕೆ ಕೊಡೆ ಅಂತೀವಿ. ಹಳೇ ಕನ್ನಡದ ಗತ್ತಿನಲ್ಲಿ "ನಾ ಕೊಡೆ" ಅಂದರೆ ನಾನು ಕೊಡುವುದಿಲ್ಲ ಅಂತ ಅರ್ಥ. ಅಂದರೆ ನಮ್ಮ ಭಾಷೆಯಲ್ಲೂ ಈ ವಸ್ತು ತನ್ನನ್ನು ಕೊಡಬೇಡ ಅಂತಲೇ ಹೇಳುತ್ತಿದೆ. ಮಗಳು ಅದನ್ನು ಆಂಟಿಗೆ ಹೇಳಿದಾಗ ಅವರು ನನ್ನ ಭುಜ ಹಿಡಿದು ಅಲ್ಲಾಡಿಸಿ ನಕ್ಕರು, ನೋಡಿದೆಯಾ, ನಿಮ್ಮವರಿಗೂ ಗೊತ್ತು ಅನ್ನುವ ಹಾಗೆ. ನಿಜ ಅಂದರೆ ಕೊಡೆ ಹಿಡಿದು ಯಾವ ಕನ್ನಡಿಗರೂ ಈ ಅರ್ಥ ಯೋಚಿಸುವುದಿಲ್ಲ. ಎರಡು ಮಾತುಗಳ ಸದ್ದು ಒಂದೇ ಆಗಿರುವುದು ಎಲ್ಲ ಭಾಷೆಯಲ್ಲೂ ಇದ್ದದ್ದೇ. ಆ ಸದ್ದನ್ನು ಇಷ್ಟು ಮನಸ್ಸಿಟ್ಟು ಕೇಳಿಸಿಕೊಳ್ಳುವ ಜನ ಇದ್ದಾರೆ ಅಂತ ನನಗೆ ಗೊತ್ತಾದದ್ದು ಆವತ್ತು.

ಆರು ವರ್ಷ ಆ ಮನೆಗೆ ಹೋಗಿ ಬಂದಿದ್ದೆ. ಗೋಡೆ, ಕಪಾಟು, ಮೇಜು ಎಲ್ಲ ನೋಡಿದ್ದೆ. ಆದರೆ ಆ ಸಂಜೆ ಮಗಳು ಒಂದೊಂದನ್ನೇ ತೋರಿಸುತ್ತಾ ಹೋದಾಗ ಅದೇ ಮನೆ ಬೇರೆ ಥರ ಕಂಡಿತು. ಕಂಡಿತು ಅನ್ನುವುದಕ್ಕಿಂತ ಕೇಳಿಸಿತು ಅನ್ನಬೇಕು.

ಬಾಗಿಲ ಮೇಲೆ ಕೆಂಪು ಕಾಗದದ ಮೇಲೆ ಬರೆದ ಒಂದು ದೊಡ್ಡ ಅಕ್ಷರ ತಲೆಕೆಳಗಾಗಿ ಅಂಟಿಸಿತ್ತು. ಅಂಟು ಬಿಟ್ಟು ತಿರುಗಿರಬೇಕು ಅಂತ ನಾನು ವರ್ಷಗಟ್ಟಲೆ ಅಂದುಕೊಂಡಿದ್ದೆ. ಆ ಅಕ್ಷರ ಫೂ, ಅಂದರೆ ಭಾಗ್ಯ. ತಲೆಕೆಳಗಾಗುವುದಕ್ಕೆ ದಾವ್ ಅಂತಾರೆ, ಬಂದು ತಲುಪುವುದಕ್ಕೂ ದಾವ್. ಮನೆಗೆ ಬಂದವರು "ಅಯ್ಯೋ, ಫೂ ತಲೆಕೆಳಗಾಗಿದೆ" ಅಂತ ಬಾಯಿ ಬಿಟ್ಟು ಹೇಳಿದರೆ ಸಾಕು, "ಭಾಗ್ಯ ಬಂತು" ಅಂತ ಹರಸಿದ ಹಾಗಾಯಿತು. ತಪ್ಪು ತೋರಿಸಲು ಬಂದವರ ಬಾಯಲ್ಲೇ ಆಶೀರ್ವಾದ ಹೊರಡಿಸುವ ಉಪಾಯ ಇದು. ಎಷ್ಟು ಚೆಂದ ಅಲ್ವಾ?

ಕಪಾಟಿನಲ್ಲಿ ಒಂದು ಪಿಂಗಾಣಿ ತಟ್ಟೆ ಇತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ಅಂಚಿಗೆ ಚಿನ್ನದ ಬಣ್ಣ, ಅದೂ ಅಲ್ಲಲ್ಲಿ ಸವೆದು ಹೋಗಿತ್ತು. ನಡುವೆ ದುಂಡಗೆ ಬರೆದ ಒಂದು ಅಕ್ಷರ, ಸುತ್ತ ಐದು ಕೆಂಪು ಚಿಟ್ಟೆಗಳು. ಚಿಟ್ಟೆ ಅಂತ ನಾನು ನಂಬಿದ್ದೆ. ಮಗಳು ಅದನ್ನು ಕೈಗೆ ಕೊಟ್ಟಾಗ ಸರಿಯಾಗಿ ನೋಡಿದೆ. ರೆಕ್ಕೆಯ ತುದಿಯಲ್ಲಿ ಕೊಕ್ಕೆ, ಪುಟ್ಟ ಕಿವಿ, ಮುಖ ಒಳಗಡೆಗೆ. ಬಾವಲಿಗಳು! ನಮ್ಮಲ್ಲಿ ಬಾವಲಿ ಮನೆಯೊಳಗೆ ನುಗ್ಗಿದರೆ ಅಪಶಕುನ ಅಂತ ಹೆದರುವವರೇ ಜಾಸ್ತಿ. ಚೀನೀಯರಿಗೆ ಅದು ಮಂಗಳ, ಯಾಕೆಂದರೆ ಬಾವಲಿಯ ಹೆಸರಿನಲ್ಲೂ ಅದೇ ಫೂ ಇದೆ, ಸ್ವರ ಕೂಡ ಒಂದೇ. ಐದು ಬಾವಲಿ ಅಂದರೆ ಐದು ಭಾಗ್ಯ: ದೀರ್ಘಾಯುಸ್ಸು, ಸಿರಿ, ಆರೋಗ್ಯ ಮತ್ತು ನೆಮ್ಮದಿ, ಒಳ್ಳೇತನದಲ್ಲಿ ಪ್ರೀತಿ, ಕೊನೆಗೆ ತನ್ನ ಕಾಲ ಬಂದಾಗ ನೆಮ್ಮದಿಯ ಸಾವು. ನಡುವಿನ ಅಕ್ಷರ ಆಯುಸ್ಸು. ಕೆಂಪು ಬಣ್ಣ ಸುಮ್ನೆ ಅಲ್ಲ, ಕೆಂಪಿಗೆ ಹೋಂಗ್ ಅಂತಾರೆ, ಉಕ್ಕಿ ಹರಿಯುವಷ್ಟು ಅಪಾರ ಅನ್ನುವುದಕ್ಕೂ ಅದೇ ಸದ್ದು.

ಆ ಐದನೇ ಭಾಗ್ಯ ಕೇಳಿ ನನಗೆ ನಮ್ಮ ಅಜ್ಜಿ ನೆನಪಾದರು. ದಿನಾ ಸಂಜೆ ದೀಪ ಹಚ್ಚಿ ಅವರು ಹೇಳುತ್ತಿದ್ದ ಶ್ಲೋಕದ ಮೊದಲ ಮಾತೇ "ಅನಾಯಾಸೇನ ಮರಣಂ". ಒಳ್ಳೇ ಸಾವನ್ನು ಭಾಗ್ಯದ ಪಟ್ಟಿಯಲ್ಲಿ ಸೇರಿಸಿ, ಊಟದ ತಟ್ಟೆಯ ಮೇಲೆ ಬಾವಲಿಯಾಗಿ ಬರೆದಿಟ್ಟುಕೊಂಡ ಜನರ ಬಗ್ಗೆ ನನಗೆ ಇದ್ದಕ್ಕಿದ್ದ ಹಾಗೆ ತುಂಬಾ ಹತ್ತಿರದ ಭಾವನೆ ಬಂತು.

ಆಮೇಲೆ ಎಲ್ಲ ವಸ್ತುವೂ ಮಾತಾಡತೊಡಗಿತು. ಹೂದಾನಿ ಇಡುವುದು ಹೂವಿಗೆ ಮಾತ್ರ ಅಲ್ಲ, ಹೂದಾನಿಗೆ ಪಿಂಗ್, ನೆಮ್ಮದಿಗೂ ಪಿಂಗ್. ಜಿಂಕೆ ಲೂ, ಸರ್ಕಾರಿ ಸಂಬಳಕ್ಕೂ ಲೂ, ಅಂದರೆ ಮನೆಯಲ್ಲಿ ಒಬ್ಬರಿಗಾದರೂ ಒಳ್ಳೇ ಹುದ್ದೆ ಸಿಗಲಿ ಅಂತ. ಮೀನು ಯೂ, ಖರ್ಚಾಗಿ ಮಿಗುವುದೂ ಯೂ. ಹೊಸ ವರ್ಷದ ಹಿಂದಿನ ರಾತ್ರಿ ಇಡೀ ಮೀನು ಬೇಯಿಸಿ, ಪೂರ್ತಿ ತಿನ್ನದೆ ಸ್ವಲ್ಪ ಉಳಿಸುತ್ತಿದ್ದರು. ಊಟ ಜಾಸ್ತಿಯಾಗಿ ಉಳಿದದ್ದು ಅಂತ ನಾನು ತಿಳಿದಿದ್ದೆ. ಅದು ಬೇಕೆಂದೇ ಉಳಿಸಿದ ಮೀನು, ವರ್ಷವೂ ಹೀಗೇ ಮಿಗುತ್ತಿರಲಿ ಅಂತ.

ಟಿವಿ ಪಕ್ಕದಲ್ಲಿ ಒಂದು ಪುಟ್ಟ ಎಲೆಕೋಸು ಇತ್ತು, ಬಿಳಿ ದಂಟು, ಹಸಿರು ಎಲೆ, ಎಲೆಯ ಮೇಲೆ ಒಂದು ಮಿಡತೆ. ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿ ಇದರ ಮೂಲ ಇದೆ, ಜೇಡ್ ಕಲ್ಲಿನದು, ಎತ್ತರ 19 ಸೆಂಟಿಮೀಟರಿನ ಒಳಗೇ. ಒಂದೇ ಕಲ್ಲಿನ ಅರ್ಧ ಬಿಳಿ ಅರ್ಧ ಹಸಿರು ಬಣ್ಣವನ್ನು ಹಾಗೇ ಬಳಸಿಕೊಂಡು ಕೆತ್ತಿದ್ದಾರೆ. ಚೀನಾವನ್ನು ಆಳಿದ ಚಿಂಗ್ ವಂಶದ ಅರಮನೆಯಲ್ಲಿ ಒಬ್ಬ ರಾಣಿಯ ಮನೆಯಲ್ಲಿ ಇದ್ದದ್ದು, ಅವಳ ತವರಿನಿಂದ ಬಂದ ಬಳುವಳಿ ಅಂತ ನಂಬುತ್ತಾರೆ. ಬಿಳುಪು ಹೆಣ್ಣಿನ ನಿರ್ಮಲ ಮನಸ್ಸಿಗೆ, ಮಿಡತೆ ತುಂಬ ಮಕ್ಕಳಾಗಲಿ ಅನ್ನುವುದಕ್ಕೆ. ಆದರೆ ಆಂಟಿಯಂಥವರ ಮನೆಗೆ ಅದು ಬರುವುದು ಕಿವಿಯ ದಾರಿಯಲ್ಲೇ. ಎಲೆಕೋಸಿಗೆ ಬೈ ತ್ಸೈ ಅಂತಾರೆ, ನೂರು ಥರದ ಸಂಪತ್ತಿಗೂ ಬೈ ತ್ಸೈ ಅನ್ನಬಹುದು.

ನನಗೆ ತುಂಬಾ ಇಷ್ಟವಾದದ್ದು ಅನಾನಸು. ಹೊಸ ವರ್ಷಕ್ಕೆ ಸಿಂಗಪುರದ ಚೀನೀ ಮನೆಗಳಲ್ಲಿ ಕೆಂಪು ಕಾಗದದ ಅನಾನಸು ತೂಗುತ್ತೆ. ಆಂಟಿಯ ಹಿರಿಯರ ಮಾತು ಹೊಕ್ಕಿಯನ್. ಆ ಮಾತಿನಲ್ಲಿ ಅನಾನಸು ಓಂಗ್ ಲೈ, ಅಂದರೆ ಕೇಳುವುದಕ್ಕೆ ಏಳಿಗೆ ಬರಲಿ ಅಂದ ಹಾಗೆ. ಬೀಜಿಂಗ್ ಕಡೆಯ ಮ್ಯಾಂಡರಿನ್‌ನಲ್ಲಿ ಅನಾನಸಿಗೆ ಹೆಸರೇ ಬೇರೆ, ಅಲ್ಲಿ ಈ ಸದ್ದೇ ಇಲ್ಲ. ಕಿತ್ತಳೆ ಹಣ್ಣನ್ನು ಜೋಡಿಯಾಗಿ ಕೊಡುವುದೂ ಹಾಗೇ, ಕ್ಯಾಂಟನೀಸ್ ಮಾತಿನಲ್ಲಿ ಆ ಹಣ್ಣೂ ಕಾಮ್, ಚಿನ್ನವೂ ಕಾಮ್. ಒಂದು ಹಣ್ಣಿನ ಮಂಗಳ ಅರ್ಥ ಒಂದು ಉಪಭಾಷೆಯ ಗಡಿ ದಾಟುವುದಿಲ್ಲ ಅಂದರೆ, ಸಮುದ್ರ ದಾಟಿ ನಮ್ಮ ಊರಿಗೆ ಬಂದಾಗ ಏನಾಗಬೇಡ?

ಏನಾಗುತ್ತೆ ಅಂತ ವಾಪಸ್ ಬಂದ ಮೇಲೆ ನೋಡಿದೆ. ನಮ್ಮ ಹತ್ತಿರದ ಸಂಬಂಧಿಕರೊಬ್ಬರ ಅಂಗಡಿಯಲ್ಲಿ ವ್ಯಾಪಾರ ಕುಸಿದಿತ್ತು. ಯಾರೋ ಒಬ್ಬರು ಬಂದು ದಿಕ್ಕು ನೋಡಿ, ಬಾಯಲ್ಲಿ ನಾಣ್ಯ ಕಚ್ಚಿಕೊಂಡ ಮೂರು ಕಾಲಿನ ಕಪ್ಪೆ, ನಗುವ ಬುದ್ಧ, ಬಿದಿರಿನ ಕುಂಡ ಎಲ್ಲ ಸೇರಿಸಿ ಸಾವಿರಾರು ರೂಪಾಯಿಗೆ ಕೊಟ್ಟು ಹೋಗಿದ್ದರು. ಸಾಲದಲ್ಲಿರುವವರ ಕೈಯಿಂದ ಆ ದುಡ್ಡು ಕಿತ್ತದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತೆ. ಆ ನಗುವ ಬುದ್ಧ ಗೌತಮ ಬುದ್ಧನೇ ಅಲ್ಲ. 10ನೇ ಶತಮಾನದ ಹೊತ್ತಿಗೆ ಚೀನಾದ ಜೆಜಿಯಾಂಗ್ ಸೀಮೆಯಲ್ಲಿ ಅಲೆದಾಡಿಕೊಂಡಿದ್ದ ಒಬ್ಬ ಸನ್ಯಾಸಿ. ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಸಿಕ್ಕಿದ್ದನ್ನೆಲ್ಲ ಅದರಲ್ಲಿ ತುಂಬಿಕೊಂಡು ಹೋಗುತ್ತಿದ್ದ, ಅದಕ್ಕೇ ಅವನ ಹೆಸರು ಬೂದಾಯ್, ಬಟ್ಟೆ ಚೀಲ ಅಂತ. ಮುಂದೆ ಬರಲಿರುವ ಮೈತ್ರೇಯ ಬುದ್ಧನೇ ಇವನ ರೂಪದಲ್ಲಿ ಬಂದಿದ್ದ ಅಂತ ಜನ ನಂಬಿದರು. ಸ್ವಂತಕ್ಕೆ ಏನೂ ಇಟ್ಟುಕೊಳ್ಳದವನು ಅವನು. ಇನ್ನು ಆ ಬಿದಿರು ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರಸೀನ ಗಿಡ. ಮೂರು ಕಾಲಿನ ಕಪ್ಪೆಯ ಹಿಂದೆ ನಾಣ್ಯದ ಸರ ತೋರಿಸಿ ಅದನ್ನು ಹಿಡಿದ ಲ್ಯೂ ಹಾಯ್ ಅನ್ನುವ ತಾವೋ ಸಿದ್ಧನ ಕಥೆ ಇದೆ. ಆ ಕಥೆ ಗೊತ್ತಿರುವ ಮನೆಯಲ್ಲಿ ಕಪ್ಪೆಗೆ ಒಂದು ಜೀವ ಇರುತ್ತೆ. ನಮ್ಮ ಸಂಬಂಧಿಕರ ಗಲ್ಲಾಪೆಟ್ಟಿಗೆ ಪಕ್ಕ ಅದು ಮೂಕವಾಗಿ ಕೂತಿತ್ತು.

ಬೈಲುಕುಪ್ಪೆಗೆ ನಾನು ಸರಿಯಾಗಿ ಹೋದದ್ದು ಆಮೇಲೆ. ಮೈಸೂರಿನವರಿಗೆ ಅದೇನು ಹೊಸ ಜಾಗವಲ್ಲ, ಕೊಡಗಿಗೆ ಹೋಗುವಾಗ ಗೋಲ್ಡನ್ ಟೆಂಪಲ್ ಅಂತ ಒಂದು ಗಂಟೆ ಇಳಿದು, ಆ ಮೂರು ದೊಡ್ಡ ಚಿನ್ನದ ಮೂರ್ತಿಗಳ ಮುಂದೆ ಫೋಟೋ ತೆಗೆಸಿಕೊಂಡು, ಮೊಮೊ ತಿಂದು ಬರುವುದು. ನಾನೂ ಹಾಗೇ ಹೋಗಿ ಬಂದವಳೇ. ಈ ಸಲ ಪರಿಚಯದವರ ಮೂಲಕ ಒಂದು ಕ್ಯಾಂಪಿನ ಮನೆಗೆ ಹೋದೆ. ಟಿಬೆಟ್ ಬಿಟ್ಟು ಬಂದವರಿಗೆ 1960ರ ಕೊನೆಯಲ್ಲಿ ಈ ಜಾಗ ಸಿಕ್ಕಾಗ ಇಲ್ಲಿ ಬರೀ ಕಾಡು. ಆ ಮನೆಯ ಅಜ್ಜಿ ಆಗ ಪುಟ್ಟ ಹುಡುಗಿ. ಅಪ್ಪ ಅಮ್ಮ ಮರ ಕಡಿದು ಸುಡುತ್ತಿದ್ದಾಗ ಹೊಗೆಯಲ್ಲಿ ತಮ್ಮನನ್ನು ಎತ್ತಿಕೊಂಡು ಕೂತದ್ದು, ರಾತ್ರಿ ಆನೆ ಬಂದರೆ ತಗಡು ಬಡಿಯುತ್ತಿದ್ದದ್ದು, ಜೋಳ ಬೆಳೆಯಲು ಕಲಿತದ್ದು, ಎಲ್ಲ ಕನ್ನಡದಲ್ಲೇ ಹೇಳಿದರು, ಪಿರಿಯಾಪಟ್ಟಣ ಕಡೆಯ ಕನ್ನಡ. ಮೋಲಾ ಅಂತ ಕರಿ ಅಂದರು, ಅಜ್ಜಿ ಅಂತ.

ಬೆಳಿಗ್ಗೆ ಬೇಗ ಹೋಗಿದ್ದರಿಂದ ಅವರ ನೀರಿನ ಪೂಜೆ ನೋಡಲು ಸಿಕ್ಕಿತು. ಏಳು ಹಿತ್ತಾಳೆ ಬಟ್ಟಲು, ಒಂದರೊಳಗೊಂದು ಜೋಡಿಸಿ ಬೋರಲು ಹಾಕಿತ್ತು. ಮೊದಲು ಒಂದೊಂದನ್ನೂ ಒಣ ಬಟ್ಟೆಯಿಂದ ಒರೆಸಿದರು. ಧೂಪದ ಹೊಗೆ ಹಿಡಿದರು. ಖಾಲಿ ಬಟ್ಟಲನ್ನು ದೇವರ ಮುಂದೆ ಇಡಬಾರದು, ಅದಕ್ಕೆ ಮೇಲಿನ ಬಟ್ಟಲಿಗೆ ನೀರು ಹಾಕಿ, ಅದರಲ್ಲಿ ತೊಟ್ಟು ಉಳಿಸಿಕೊಂಡು ಮಿಕ್ಕದ್ದನ್ನು ಮುಂದಿನದಕ್ಕೆ ಬಗ್ಗಿಸಿ, ಹೀಗೆ ಎಡದಿಂದ ಬಲಕ್ಕೆ ಇಡುತ್ತಾ ಹೋದರು. ಎರಡು ಬಟ್ಟಲ ನಡುವೆ ಒಂದು ಬಾರ್ಲಿ ಕಾಳಿನಷ್ಟು ಜಾಗ. ಜಾಸ್ತಿ ಬಿಟ್ಟರೆ ದೇವರಿಂದ ದೂರವಾಗ್ತೀವಿ, ತಾಗಿಸಿದರೆ ಹತ್ತಿರ ಹೋಗಿ ಸುಟ್ಟುಕೊಳ್ತೀವಿ ಅಂದರು. ಆಮೇಲೆ ಮತ್ತೆ ಎಡದಿಂದ ತುಂಬಿದರು. ನೀರಿನ ಧಾರೆ ಮೊದಲು ಸಣ್ಣಗೆ, ನಡುವೆ ದಪ್ಪ, ಕೊನೆಗೆ ಮತ್ತೆ ಸಣ್ಣಗೆ, ಬಾರ್ಲಿ ಕಾಳಿನ ಆಕಾರದ ಹಾಗೆ. ಬಟ್ಟಲಿನ ಅಂಚಿಗೆ ಒಂದು ಕಾಳಿನಷ್ಟು ಕಡಿಮೆ ಇರುವಾಗ ನಿಲ್ಲಿಸಬೇಕು. ಎಂಬತ್ತರ ಹತ್ತಿರದ ಆ ಕೈ ನಡುಗುತ್ತಿತ್ತು, ಆದರೂ ಒಂದು ಹನಿ ಹೊರಗೆ ಬೀಳಲಿಲ್ಲ.

ತುಂಬುವಾಗ ಬಾಯಲ್ಲಿ ಏನೋ ಮಂತ್ರ. ಟಿಬೆಟನ್ ಅಂದುಕೊಂಡು ಸುಮ್ನೆ ಕೇಳುತ್ತಿದ್ದೆ. ಎರಡನೇ ಸಲಕ್ಕೆ ಮೈ ಜುಂ ಅಂದಿತು. ಓಂ ಬೆಂಜಾ ಅರ್ಘಂ. ಆಮೇಲೆ ಪಾದ್ಯಂ, ಪುಷ್ಪೇ, ಧೂಪೇ, ಆಲೋಕೇ, ಗಂಧೇ, ನೈವಿದ್ಯೇ. ಬೆಂಜಾ ಅಂದರೆ ವಜ್ರ, ಟಿಬೆಟನ್ ನಾಲಿಗೆಯಲ್ಲಿ ಹಾಗಾಗಿದೆ. ಉಳಿದದ್ದೆಲ್ಲ ನಮ್ಮ ಮನೆಯ ಪೂಜೆಯ ಮಾತೇ! ಕುಡಿಯಲು ನೀರು, ಕಾಲಿಗೆ ನೀರು, ಹೂವು, ಧೂಪ, ಬೆಳಕು, ಗಂಧ, ನೈವೇದ್ಯ. ಏಳು ಬಟ್ಟಲು ಅಂದರೆ ಮನೆಗೆ ಬಂದ ಅತಿಥಿಗೆ ಮಾಡುವ ಏಳು ಉಪಚಾರ. ಎಲ್ಲದರ ಬದಲು ನೀರು. ಯಾಕೆ ನೀರು ಅಂತ ಕೇಳಿದೆ. 11ನೇ ಶತಮಾನದಲ್ಲಿ ಬಂಗಾಳದಿಂದ ಟಿಬೆಟ್‌ಗೆ ಹೋದ ಅತೀಶ ಗುರುಗಳು ಅಲ್ಲಿನ ನೀರು ನೋಡಿ, ಇಷ್ಟು ಒಳ್ಳೇ ನೀರಿರುವಾಗ ಇದನ್ನೇ ಅರ್ಪಿಸಿದರೆ ಸಾಕು ಅಂದರಂತೆ, ಹಾಗಂತ ಅವರಲ್ಲಿ ಹೇಳ್ತಾರೆ. ಮೋಲಾ ಇನ್ನೊಂದು ಕಾರಣವನ್ನೂ ಹೇಳಿದರು: "ನೀರು ಕೊಡುವಾಗ ಅಯ್ಯೋ ಹೋಯ್ತಲ್ಲ ಅಂತ ಅನ್ಸಲ್ಲ. ನಾನು ಕೊಟ್ಟೆ ಅಂತ ಜಂಬವೂ ಬರಲ್ಲ."

ಆ ಬಟ್ಟಲುಗಳನ್ನು ಕೊಂಡು ನಮ್ಮ ಶೋಕೇಸಿನಲ್ಲಿ ಇಟ್ಟರೆ ಏನೂ ಇಲ್ಲ, ಏಳು ಬಟ್ಟಲು ಅಷ್ಟೇ. ಬೆಳಿಗ್ಗೆ ತುಂಬಿ ಸಂಜೆ ಚೆಲ್ಲುವ ಕೈ ಇದ್ದರೆ ಮಾತ್ರ ಅದಕ್ಕೆ ಅರ್ಥ. ಚೀನೀ ವಸ್ತುವಿಗೆ ಕಿವಿ ಬೇಕು, ಟಿಬೆಟನ್ ವಸ್ತುವಿಗೆ ಕೈ ಬೇಕು ಅಂತ ನನಗೆ ಅನ್ನಿಸತೊಡಗಿದ್ದು ಆ ಬೆಳಿಗ್ಗೆ. ಕೈಯಲ್ಲಿ ತಿರುಗಿಸುವ ಮಣಿಚಕ್ರದೊಳಗೆ ಸಾವಿರಾರು ಸಲ ಬರೆದ ಮಂತ್ರದ ಕಾಗದದ ಸುರುಳಿ ಇರುತ್ತೆ, ಬಲಕ್ಕೆ ತಿರುಗಿಸಿದರೆ ಓದಿದ ಹಾಗೆ. ವಜ್ರ ಅನ್ನುವ ಪುಟ್ಟ ಲೋಹದ ಪೂಜಾ ಸಾಧನ ಬಲಗೈಗೆ, ಗಂಟೆ ಎಡಗೈಗೆ. ವಜ್ರ ಅಂದರೆ ಕರುಣೆ, ದಾರಿ, ಗಂಟೆ ಅಂದರೆ ತಿಳಿವು, ಎರಡೂ ಒಟ್ಟಿಗೆ ಇರಬೇಕು, ಒಂದನ್ನೇ ಕೊಳ್ಳಬಾರದು. ಮರಳಿನ ಮಂಡಲ ಅಂತೂ ಎಲ್ಲಕ್ಕಿಂತ ಮುಂದೆ ಹೋಗುತ್ತೆ. ತಗಡಿನ ಕೊಳವೆಯ ಗೀರುಗಳ ಮೇಲೆ ಇನ್ನೊಂದು ಕೊಳವೆ ಉಜ್ಜಿ, ಬಣ್ಣದ ಮರಳನ್ನು ಎಳೆ ಎಳೆಯಾಗಿ ಉದುರಿಸಿ, ದಿನಗಟ್ಟಲೆ ಬೆನ್ನು ಬಗ್ಗಿಸಿ ಬರೆದು, ಮುಗಿದ ಮೇಲೆ ಪೂಜೆ ಮಾಡಿ ಗುಡಿಸಿ ಹರಿಯುವ ನೀರಿಗೆ ಬಿಡುತ್ತಾರೆ. ದಿನಾ ಬೆಳಿಗ್ಗೆ ಹಳೇ ರಂಗೋಲಿ ತೊಳೆದು ಹೊಸದು ಹಾಕುವ ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ.

ಟಿಬೆಟನ್ನರ ಮಂತ್ರದ ಬಾವುಟಗಳ ವಿಷಯ ಸ್ವಲ್ಪ ಹೇಳಲೇಬೇಕು. ಲಡಾಖ್‌ಗೆ ಹೋಗಿ ಬಂದ ಹುಡುಗರ ಬೈಕಿನ ಹ್ಯಾಂಡಲ್ ತುಂಬ ಇದೇ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ, ಈ ಕ್ರಮದಲ್ಲೇ ಇರಬೇಕು: ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ. ನಡುವೆ ಬೆನ್ನ ಮೇಲೆ ರತ್ನ ಹೊತ್ತ ಕುದುರೆ, ಲುಂಗ್ತಾ, ಗಾಳಿಕುದುರೆ ಅಂತ. ಅದರ ಮೇಲಿನ ಮಂತ್ರ ದೇವರಿಗೆ ಹೋಗುವುದಲ್ಲ, ಗಾಳಿ ಎಲ್ಲೆಲ್ಲಿ ಬೀಸುತ್ತೋ ಅಲ್ಲಿರುವ ಎಲ್ಲ ಜೀವಿಗಳಿಗೂ ಹೋಗುವುದು. ಬಣ್ಣ ಮಾಸಿ, ದಾರ ಬಿಚ್ಚಿ, ಚಿಂದಿಯಾದರೆ ಒಳ್ಳೇದೇ, ಅಷ್ಟೂ ಗಾಳಿ ತೆಗೆದುಕೊಂಡು ಹೋಯಿತು ಅಂತ ಲೆಕ್ಕ. ಆದರೆ ಹಳೇದನ್ನು ನೆಲಕ್ಕೆ ಬಿಸಾಡಬಾರದು, ಸುಡಬೇಕು. ರಸ್ತೆ ಬದಿಯ ಕೆಸರಿನಲ್ಲಿ ಅದು ಬಿದ್ದಿರುವುದು ಕಂಡರೆ ಮೋಲಾ ಈಗಲೂ ಬಗ್ಗಿ ಎತ್ತಿಕೊಳ್ಳುತ್ತಾರೆ, ನಾನೇ ನೋಡಿದೆ.

ಹಾಡುವ ಬಟ್ಟಲು ಅಂತ ಈಗ ಎಲ್ಲೆಲ್ಲೂ ಮಾರುತ್ತಾರಲ್ಲ, ಅದು ಮೋಲಾ ಮನೆಯಲ್ಲಿ ಇಲ್ಲ. ಅವರ ಪೂಜೆಯಲ್ಲಿ ಅದಕ್ಕೆ ಜಾಗವೂ ಇಲ್ಲ. 1970ರ ದಶಕದಿಂದ ಪಶ್ಚಿಮದಲ್ಲಿ ಹಬ್ಬಿದ ರೂಢಿ ಅದು. ಅದರ ನಾದದಲ್ಲಿ ಯಾರಿಗಾದರೂ ನೆಮ್ಮದಿ ಸಿಕ್ಕರೆ ನನಗೆ ಸಂತೋಷವೇ, ಆದರೆ ಟಿಬೆಟ್‌ನ ಪುರಾತನ ಗುಟ್ಟು ಅಂತ ಹೇಳಿ ಮಾರುವುದು ಸರಿಯಲ್ಲ.

ಮೋಲಾ ಮನೆಯ ಬಾಗಿಲಿಗೆ ಬಿಳಿ ಪರದೆ, ಅದರ ಮೇಲೆ ನೀಲಿ ಬಟ್ಟೆ ಕತ್ತರಿಸಿ ಹೊಲಿದ ಎಂಟು ಚಿಹ್ನೆ. ಕೊಡೆ, ಜೋಡಿ ಮೀನು, ಕಲಶ, ಕಮಲ, ಬಲಮುರಿ ಶಂಖ, ಕೊನೆಯಿಲ್ಲದ ಗಂಟು, ವಿಜಯಧ್ವಜ, ಚಕ್ರ. ಅಷ್ಟಮಂಗಲ. ನಮ್ಮ ಬಸದಿಗಳಲ್ಲೂ ಅಷ್ಟಮಂಗಲ ಅಂತ ಇದೆ, ಪಟ್ಟಿ ಬೇರೆ, ಆದರೆ ಛತ್ರ ಅದರಲ್ಲೂ ಇದೆ. ಆ ಮೀನಿನ ಜೋಡಿ ಕಂಡ ಕೂಡಲೇ ನನಗೆ ಆಂಟಿಯ ಮನೆ ನೆನಪಾಯಿತು. ಇದೂ ಮಿಗುವುದಕ್ಕಾ ಅಂತ ಕೇಳಿದೆ. ಅಲ್ಲ. ಅದು ಗಂಗೆ ಯಮುನೆ ಅಂತಾರೆ, ಸಂಸಾರದ ನೀರಿನಲ್ಲಿ ಮುಳುಗದೆ ಈಜುವುದು ಅಂತಲೂ ಹೇಳ್ತಾರೆ.

ಈ ಎಂಟು ಚಿಹ್ನೆಗಳು ಇಲ್ಲಿಂದ ಟಿಬೆಟ್‌ಗೆ, ಅಲ್ಲಿಂದ ಚೀನಾಕ್ಕೆ ನಡೆದು ಹೋದ ದಾರಿ ತಿಳಿದಾಗ ನನಗೆ ಕೊಡೆಯ ಮೇಲೆ ಇನ್ನೂ ಪ್ರೀತಿ ಬಂತು. ಚೀನಾವನ್ನು ಆಳಿದ ಮಂಗೋಲ್ ದೊರೆ ಕುಬ್ಲಾಯ್ ಖಾನ್‌ಗೆ ಟಿಬೆಟ್‌ನ ಫಗ್ಪಾ ಗುರು. 1270ರಲ್ಲಿ ಆ ಗುರುವಿನ ಮಾತಿನಂತೆ ದೊರೆ ತನ್ನ ಸಿಂಹಾಸನದ ಮೇಲೆ ಮಂತ್ರ ಬರೆದ ಒಂದು ಬಿಳಿ ಕೊಡೆ ಇರಿಸಿದ. ವರ್ಷಕ್ಕೊಮ್ಮೆ ಅದನ್ನು ಈಗಿನ ಬೀಜಿಂಗ್ ಇರುವ ಜಾಗದಲ್ಲಿದ್ದ ರಾಜಧಾನಿಯ ಬೀದಿಗಳಲ್ಲಿ ಮೆರವಣಿಗೆ ಮಾಡುತ್ತಿದ್ದರು, ನಮ್ಮ ಉತ್ಸವದಲ್ಲಿ ಸತ್ತಿಗೆ ಹಿಡಿದು ಹೋಗುವ ಹಾಗೆ. ಅದೇ ಆಸ್ಥಾನದಲ್ಲಿ ಅರ್ನಿಕೊ ಅನ್ನುವ ನೇಪಾಳದ ಶಿಲ್ಪಿ ಇದ್ದ, ಹದಿಹರೆಯದಲ್ಲೇ ಟಿಬೆಟ್‌ಗೆ ಬಂದು ಫಗ್ಪಾ ಕಣ್ಣಿಗೆ ಬಿದ್ದವನು. 1279ರಲ್ಲಿ ಮುಗಿದ ಅವನ ಬಿಳಿ ಸ್ತೂಪ ಇವತ್ತೂ ಬೀಜಿಂಗ್‌ನಲ್ಲಿ ನಿಂತಿದೆ. 1407ರಲ್ಲಿ ಚೀನಾದ ಯೊಂಗ್ಲೆ ದೊರೆ ಟಿಬೆಟ್‌ನ ಒಂದು ಪಂಥದ ಹಿರಿಯ ಗುರು ಐದನೇ ಕರ್ಮಪಾ ಅವರನ್ನು ನಾನ್‌ಜಿಂಗ್‌ಗೆ ಕರೆಸಿ ಸತ್ಕರಿಸಿದ. ಚಿಂಗ್ ದೊರೆಗಳ ಕಾಲಕ್ಕೆ ಈ ಎಂಟು ಚಿಹ್ನೆಗಳು ಪಿಂಗಾಣಿ ತಟ್ಟೆ, ಬಟ್ಟಲು, ರೇಷ್ಮೆ ಎಲ್ಲದರ ಮೇಲೂ ಬಂದವು.

ಅಲ್ಲಿಗೆ ಹೋದ ಮೇಲೆ ಪಟ್ಟಿ ಸ್ವಲ್ಪ ಬದಲಾಯಿತು. ಚೀನೀ ಪಟ್ಟಿಯಲ್ಲಿ ವಿಜಯಧ್ವಜ ಇಲ್ಲ, ಅದರ ಜಾಗದಲ್ಲಿ ಮೇಲ್ಕಟ್ಟು. ಕೊನೆಯಿಲ್ಲದ ಗಂಟು ಟಿಬೆಟ್‌ನಲ್ಲಿ ಬುದ್ಧನ ಮನಸ್ಸು, ಎಲ್ಲವೂ ಎಲ್ಲಕ್ಕೂ ಹೆಣೆದುಕೊಂಡಿದೆ ಅನ್ನುವ ತಿಳಿವು. ಚೀನೀ ಕಿವಿಗೆ ಅದರ ಹೆಸರಿನಲ್ಲಿರುವ ಛಾಂಗ್ ಕರುಳೂ ಹೌದು, ಉದ್ದ ಅಂತಲೂ ಹೌದು, ಹಾಗಾಗಿ ಅದು ದೀರ್ಘಾಯುಸ್ಸಾಯಿತು. ಮೀನು ಸಂಸಾರದ ನೀರಿನಿಂದ ಎದ್ದು ಮಿಗುವ ಸಂಪತ್ತಾಯಿತು. ಯಾವುದು ಸರಿ ಯಾವುದು ತಪ್ಪು ಅಂತ ನಾನು ಕೇಳುವುದಿಲ್ಲ. ಬಂದ ಅತಿಥಿಯನ್ನು ತಮ್ಮ ಮಾತಿನಲ್ಲಿ ಮಾತಾಡಿಸಿದ್ದಾರೆ. ನಮ್ಮ ಅಂಗಡಿಯ ಕಪ್ಪೆಯನ್ನು ನಾವು ಮಾತಾಡಿಸಿದ್ದೇ ಇಲ್ಲ.

ಅಂದಹಾಗೆ ಚೀನಾದಲ್ಲೂ ಕೊಡೆ ಯಾವಾಗಲೂ ಕೆಟ್ಟದ್ದಲ್ಲ. ಒಳ್ಳೇ ಅಧಿಕಾರಿ ವರ್ಗವಾಗಿ ಹೊರಟರೆ ಊರವರು ಸೇರಿ ಅವರಿಗೆ ದೊಡ್ಡ ಕೊಡೆ ಕೊಡುತ್ತಿದ್ದರು, ಹತ್ತು ಸಾವಿರ ಜನರ ಕೊಡೆ ಅಂತ ಅದರ ಹೆಸರು, ಅಂಚಿನ ಪಟ್ಟಿಗಳ ಮೇಲೆ ಕೊಟ್ಟವರ ಹೆಸರುಗಳು. ನಮ್ಮನ್ನು ಕೊಡೆಯ ಹಾಗೆ ಕಾಪಾಡಿದಿರಿ ಅಂತ. ಅದೂ ಅಗಲಿಕೆಯ ಹೊತ್ತೇ ಅಲ್ವಾ?

ಟಿಬೆಟನ್‌ನಲ್ಲಿ ಕೊಡೆಗೆ ಏನಂತೀರಿ ಅಂತ ಮೋಲಾರನ್ನು ಕೇಳಿದೆ. "ದುಕ್" ಅಂದರು. ನನ್ನ ಕಿವಿಗೆ ಅದು ದುಃಖ ಅಂತಲೇ ಬಿತ್ತು. ನಮ್ಮಲ್ಲಿ ಹಾಗಂದರೆ ಸಂಕಟ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ನಮ್ಮಲ್ಲೂ ಸಂಕಟಕ್ಕೆ ದುಕ್ ಅಂತಾರೆ, ಹತ್ತಿರ ಹತ್ತಿರ ಅದೇ ಸದ್ದು ಅಂದರು. ಎಂಬತ್ತು ವರ್ಷದಲ್ಲಿ ಅವರಿಗೆ ಅದು ಹೊಳೆದೇ ಇರಲಿಲ್ಲ. ಎಂಟು ಮಂಗಳ ಚಿಹ್ನೆಗಳಲ್ಲಿ ಮೊದಲನೆಯದು ಕೊಡೆ, ಬುದ್ಧನ ತಲೆಯ ಜಾಗ ಅದರದ್ದು. ಬಿಳಿ ಕೊಡೆ ಹಿಡಿದ ದುಕ್ಕರ್ ದೇವಿಯ ಚಿತ್ರ ಅವರ ಪೂಜೆಯ ಗೋಡೆಯಲ್ಲೇ ಇದೆ, ಸಾವಿರ ತಲೆ, ಸಾವಿರ ಕೈ, ಎಲ್ಲ ಕಡೆಯೂ ಕಣ್ಣು, ಎಲ್ಲರ ಮೇಲೂ ಅವಳ ನೆರಳು. ಇಷ್ಟು ವರ್ಷ ಅವರು ಅದಕ್ಕೆ ನಮಸ್ಕಾರ ಮಾಡಿದ್ದಾರೆ, ದೀಪ ಹಚ್ಚಿದ್ದಾರೆ, ಅದರ ಸದ್ದನ್ನು ಕೇಳಿಸಿಕೊಂಡಿಲ್ಲ. ಆಂಟಿ ಆಗಿದ್ದರೆ ಮೊದಲನೇ ದಿನವೇ ಕೇಳಿಸಿಕೊಳ್ಳುತ್ತಿದ್ದರು.

ಸಂಜೆ ಬಿಸಿಲು ಇಳಿಯುವ ಮೊದಲು ಮೋಲಾ ಬಟ್ಟಲುಗಳನ್ನು ಈಗ ಬಲದಿಂದ ಎಡಕ್ಕೆ ಖಾಲಿ ಮಾಡಿದರು. ನೀರನ್ನು ಯಾರೂ ತುಳಿಯದ ಕಡೆ, ಚೆಂಡುಹೂವಿನ ಗಿಡದ ಬುಡಕ್ಕೆ ಹಾಕಿದರು. ಒರೆಸಿ, ಬೋರಲು ಹಾಕಿದರು. ಅಷ್ಟರಲ್ಲಿ ಮೋಡ ಕಪ್ಪಗಾಗಿ ಮಳೆ ಶುರುವಾಯಿತು. ಬಸ್ಸಿಗೆ ಹೊತ್ತಾಗಿತ್ತು. ಅವರು ಬಾಗಿಲ ಹಿಂದಿನಿಂದ ಒಂದು ಕಪ್ಪು ಕೊಡೆ ತೆಗೆದು ಚಾಚಿದರು. ನನ್ನ ಕೈ ತಾನೇ ತಾನಾಗಿ ಪರ್ಸಿಗೆ ಹೋಯಿತು.

"ದುಡ್ಡು ಯಾಕೆ? ತಗೊಂಡು ಹೋಗು. ಬರುವಾಗ ತಾ."

ಆ ಕೊಡೆ ಇನ್ನೂ ನಮ್ಮ ಮನೆಯಲ್ಲೇ ಇದೆ. ಕುಶಾಲನಗರದ ಬಸ್ ನಿಲ್ದಾಣದ ಗಾಳಿಗೆ ಒಂದು ಕಡ್ಡಿ ಬಾಗಿತ್ತು, ರಿಪೇರಿ ಮಾಡಿಸಿದ್ದೇನೆ. ಭಾನುವಾರ ಹೋಗಬೇಕು.